ಮೂರನೆಯ ಕೂಗು

ಕಾನೂನು ಕಾಲೇಜಿನ ಮೇಷ್ಟ್ರಿಗೆ ಅದು ಕೊನೆಯ ತರಗತಿ, ನಾಳೆಯಿಂದ ನಿವೃತ್ತಿ. ಆದರೂ ಪ್ರತಿವರ್ಷದಂತೆ ಅದೇ ಅಣಕು ನ್ಯಾಯಾಲಯ, ಅದೇ ಸೋತ ಮೊಕದ್ದಮೆ.

ವಕೀಲರಾಗಿ ಸಾರ್ವಜನಿಕ ಹಿತದ ಅರ್ಜಿಗಳಲ್ಲಿ ಅವರು ಗೆದ್ದದ್ದು ಕಡಿಮೆಯೇನಲ್ಲ. ಕುಡಿಯುವ ನೀರಿಗೆ ವಿಷ ಬಿಡುತ್ತಿದ್ದ ಕಾರ್ಖಾನೆಯ ಬಾಯಿ ಮುಚ್ಚಿಸಿದ್ದರು. ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಕೈದಿಗಳನ್ನು ಬೆಳಕಿಗೆ ತಂದಿದ್ದರು. ಗೆದ್ದವೆಲ್ಲ ಪಠ್ಯಪುಸ್ತಕ ಸೇರಿ ತಣ್ಣಗೆ ಮಲಗಿದವು. ಸೋತದ್ದೊಂದು ಮಾತ್ರ ಬೆನ್ನು ಬಿಡಲಿಲ್ಲ.

ಪೊಲೀಸರು ಕರೆದೊಯ್ದ ಯುವಕನೊಬ್ಬ ಮನೆಗೆ ಮರಳಿರಲಿಲ್ಲ. ಅವನನ್ನು ಹಾಜರುಪಡಿಸಬೇಕೆಂದು ಅವನ ತಾಯಿಯ ಪರವಾಗಿ ಅವರು ಅರ್ಜಿ ಹಾಕಿದ್ದರು. ಅಂದೇ ಬಿಟ್ಟುಬಿಟ್ಟೆವು, ಗೊತ್ತುಪಡಿಸಿದ ದಿನ ಅವನೇ ಕೋರ್ಟಿಗೆ ಬರುತ್ತಾನೆ ಎಂದು ಪೊಲೀಸರು ಪ್ರಮಾಣ ಮಾಡಿದರು. ಆ ದಿನ ಕೋರ್ಟಿನ ಜವಾನ ಬಾಗಿಲಲ್ಲಿ ನಿಂತು ಹೆಸರನ್ನು ಮೂರು ಸಲ ಕೂಗಿದ. ಮೂರನೆಯ ಕೂಗು ಪಡಸಾಲೆಯ ತುದಿ ಮುಟ್ಟುವಷ್ಟರಲ್ಲಿ ನ್ಯಾಯಾಧೀಶರು ಬರೆದಾಗಿತ್ತು: ಬಿಡುಗಡೆಯಾದವನು ಬರಲೊಲ್ಲ, ಗೈರುಹಾಜರು, ಅರ್ಜಿ ಮುಕ್ತಾಯ.

ಅಂದಿನಿಂದ ಬಸ್ ನಿಲ್ದಾಣದಲ್ಲಿ ಯಾರೋ ಯಾರನ್ನೋ ಒಮ್ಮೆ ಕರೆದರೂ, ಉಳಿದೆರಡು ಕೂಗು ಮೇಷ್ಟ್ರ ಎದೆಯೊಳಗೆ ತಾವಾಗಿಯೇ ಏಳುತ್ತಿದ್ದವು.

ಆ ತಾಯಿ ವರ್ಷಕ್ಕೊಮ್ಮೆ, ಈ ತರಗತಿಗೆಂದೇ, ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಹುಡುಗರ ಬಾಯಲ್ಲಿ ಅವಳು ‘ಸೀನಿಯರಜ್ಜಿ’.

“ಏನಜ್ಜಿ, ಈ ವರ್ಷನಾದ್ರೂ ಪಾಸಾಗ್ತೀರಾ?”

“ನಿಮ್ ಮೇಷ್ಟ್ರೇ ಪಾಸಾಗಿಲ್ಲ, ನಾನೆಲ್ಲಿ ಆಗ್ಲಪ್ಪ!”

ನಗು ಇಳಿದ ಮೇಲೆ ಅವಳು ಮೇಷ್ಟ್ರತ್ತ ತಿರುಗಿ ದನಿ ತಗ್ಗಿಸಿದಳು. “ನಾಳೆಯಿಂದ ನೀವಿರಲ್ವಂತೆ. ಇನ್ನು ಅವನನ್ನ ಕರೆಯೋರು ಯಾರು? ಈಗ ಅವನ ಹೆಸರು ಕೂಗೋದು ಈ ಬಾಗ್ಲಲ್ಲಿ ಮಾತ್ರ.”

ಮೇಷ್ಟ್ರು ಹುಡುಗರಿಗೆ ಶುರುಮಾಡಲು ಸನ್ನೆ ಮಾಡಿದರು.

ನ್ಯಾಯಾಧೀಶೆಯಾಗಿದ್ದ ಹುಡುಗಿ ಮೇಜಿನ ಹಿಂದೆ ಕುಳಿತಳು. ಜವಾನನ ಪಾತ್ರ ‘ಮೈಕು’ ಎಂಬ ಹುಡುಗನದು.

“ಮೆಲ್ಲಗೆ ಕೂಗೋ, ಆಚೆ ಬೀದಿಯೋರೂ ಹಾಜರಾಗಿಬಿಟ್ಟಾರು,” ಎಂದರು ಯಾರೋ.

ಮೊದಲ ಕೂಗು ಹೋಯಿತು. ಖಾಲಿ ಕೊಠಡಿಗಳು ಆ ಹೆಸರನ್ನು ಬಾಯಿಂದ ಬಾಯಿಗೆ ದಾಟಿಸಿದವು. ಎರಡನೆಯದು ಹೋಯಿತು. ಮೆಟ್ಟಿಲ ಮೇಲೆ ಹೆಜ್ಜೆಯಂಥದೇನೋ ಸಪ್ಪಳವಾಗಿ ನಿಂತಿತು. ಬೆಂಚಿನಿಂದ ತಾಯಿ ಅರ್ಧ ಎದ್ದಳು. ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು. ಮೈಕು ಎದೆ ತುಂಬ ಉಸಿರೆಳೆದ.

“ಸಾಕು,” ಎಂದರು ಮೇಷ್ಟ್ರು.

“ಸರ್, ಇನ್ನೊಂದ್ಸಲ ಇದೆ.”

“ಇರ್ಲಿ.”

“ಮೂರೂ ಆಗ್ದೆ ಗೈರುಹಾಜರು ಅಂತ ಬರೆಯೋ ಹಾಗಿಲ್ವಲ್ಲ ಸರ್?” ಹುಡುಗಿ ಕೇಳಿದಳು.

“ಇಲ್ಲಮ್ಮ. ಬರೆಯೋ ಹಾಗಿಲ್ಲ.”

“ಮತ್ತೆ ಕೇಸು?”

“ನಡೀತಾ ಇದೆ. ಮುಂದಿನ ವರ್ಷ ನೀವೇ ಕರೀಬೇಕು. ಎರಡೇ ಸಲ.”

ಹುಡುಗಿ ಒಂದು ಕ್ಷಣ ಅವರನ್ನೇ ನೋಡಿದಳು. ಆಮೇಲೆ ಕೊನೆಯ ಬೆಂಚಿನತ್ತ ನೋಡಿದಳು. ಮುಚ್ಚಳವನ್ನು ಮೆಲ್ಲನೆ ಪೆನ್ನಿಗೆ ತೊಡಿಸಿದಳು.

“ಅಜ್ಜಿ, ಮುಂದಿನ್ ವರ್ಷ ತಪ್ಪಿಸ್ಬೇಡಿ. ವಾಯಿದೆ ಹಾಕಿದೀನಿ.”

ತಾಯಿ ತಲೆಯಾಡಿಸಿದಳು, ಆದರೆ ಕೂರಲಿಲ್ಲ. ತರಗತಿ ಕರಗಿದ ಮೇಲೆ ಮೇಷ್ಟ್ರು ಅಭ್ಯಾಸಬಲದಿಂದ ಬಾಗಿಲೆಳೆಯಲು ಹೋದರು.

“ತೆಗೆದೇ ಇರ್ಲಿ ಬಿಡಿ,” ಎಂದಳು ತಾಯಿ.

ಬಿಟ್ಟರು. ಮೆಟ್ಟಿಲು ಬರಿದಾಗಿತ್ತು. ಅವರು ಗೋಡೆಯ ಪಕ್ಕಕ್ಕೆ ಸರಿದು, ಏರಿ ಬರುವವನಿಗೆ ದಾರಿ ಬಿಟ್ಟು, ಇಳಿದರು.