ಹಾಕು, ಸರಿಯಾಗಿದೆ

ನನ್ನ ಓರಗಿತ್ತಿಗೆ ಈಗಲೂ ನೆಟ್ಟಗೆ ಒಂದು ಗುಂಡಿಯ ಕಾಜಾ ಹೊಲಿಯಲು ಬರುವುದಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಎಂಬುದು ನನಗೆ ಗೊತ್ತು. ಆದರೂ ಮಾತು ಸುಳ್ಳಲ್ಲ. ಅವಳ ಪೇಜಿಗೆ ನಲವತ್ತೊಂದು ಸಾವಿರ ಫಾಲೋವರ್ಸ್ ಇದ್ದಾರೆ. ನನ್ನದಕ್ಕೆ ಇನ್ನೂರ ಹನ್ನೆರಡು. ಅದರಲ್ಲಿ ಮೂವರು ಮನೆಯವರು, ಒಬ್ಬ ನಮಗೆ ಸೂಜಿ ದಾರ ತಂದುಕೊಡುವವನು.

ಮನೆಯ ಮುಂದಿನ ಕೋಣೆಯೇ ನಮ್ಮಿಬ್ಬರ ಆಲ್ಟರೇಷನ್ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ, ಇರುವ ಬಟ್ಟೆಯನ್ನು ಮೈಗೆ ಹೊಂದಿಸಿಕೊಡುತ್ತೇವೆ. ಅಂಗಡಿ ಶುರು ಮಾಡಿದವಳು ನಾನು. ಅವಳು ಬಂದು ಸೇರಿದ್ದು ನಾಲ್ಕು ವರ್ಷದ ಕೆಳಗೆ, ನನ್ನ ಮೈದುನನನ್ನು ಮದುವೆಯಾಗಿ ಬಂದ ಮೇಲೆ. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದೆ.

ಪೇಜು ತೆರೆದದ್ದು ಇಬ್ಬರೂ ಒಂದೇ ವಾರ. ನಾನು ಬಿಳಿ ಬಟ್ಟೆ ಹಾಸಿ, ಸ್ಕೇಲು ಇಟ್ಟು ಫೋಟೊ ತೆಗೆದು, ಪ್ರತಿ ಹಂತಕ್ಕೂ ಎರಡೆರಡು ಸಾಲು ಬರೆದು, ಮೂರು ಸಲ ತಿದ್ದಿ ಹಾಕುತ್ತಿದ್ದೆ. ಅವಳ ಮೊದಲ ವಿಡಿಯೊದಲ್ಲಿ ಅವಳು ಗಂಡನ ಅಂಗಿಯ ಒಂದು ತೋಳನ್ನು ಗಿಡ್ಡವಾಗಿ ಕತ್ತರಿಸಿಬಿಟ್ಟಿದ್ದಳು. ಅದನ್ನೇ ಎತ್ತಿ ತೋರಿಸಿ, "ಇನ್ನೊಂದನ್ನೂ ಇಷ್ಟೇ ಮಾಡಿದ್ರೆ ಫ್ಯಾಷನ್ನು, ಬಿಟ್ರೆ ಬೈಗುಳ" ಎಂದು ನಕ್ಕಳು. ಜನ ಮುಗಿಬಿದ್ದರು. ಹನ್ನೊಂದು ವರ್ಷದಲ್ಲಿ ನಾನು ಒಂದು ತೋಳನ್ನೂ ತಪ್ಪಾಗಿ ಕತ್ತರಿಸಿಲ್ಲ. ಅದನ್ನು ನೋಡಲು ಯಾರು ಬರುತ್ತಾರೆ?

"ದೊಡ್ಡವಳೇ, ನೀನೂ ಒಂದ್ಸಲ ನಕ್ಕು ನೋಡೇ," ಎಂದರು ಅತ್ತೆ. "ಬಾಯಿಗೇನೂ ಹೊಲಿಗೆ ಹಾಕಿಲ್ವಲ್ಲ."

ಓರಗಿತ್ತಿ ಒಳ್ಳೆಯವಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಪ್ರತಿ ವಿಡಿಯೊವನ್ನೂ ಹಾಕುವ ಮೊದಲು ನನಗೆ ತೋರಿಸುತ್ತಿದ್ದಳು. ಕೊನೆಯಲ್ಲಿ ಅವಳದ್ದೊಂದು ಮಾತು ಇದ್ದೇ ಇರುತ್ತಿತ್ತು: "ನಮ್ಮಕ್ಕ ನೋಡ್ದೆ ಈ ಅಂಗಡಿಯಿಂದ ಒಂದು ಗುಂಡೀನೂ ಹೊರಗೆ ಹೋಗಲ್ಲ." ನಲವತ್ತೊಂದು ಸಾವಿರ ಜನಕ್ಕೆ ನಾನು ಗೊತ್ತಿರುವುದು ಹಾಗೆ, ಅವಳ ಒಂದು ವಾಕ್ಯವಾಗಿ. ಸಂಜೆ ಇಸ್ತ್ರಿ ಮಾಡುತ್ತಾ ಅವಳ ಫಾಲೋವರ್ಸ್ ಸಂಖ್ಯೆ ನೋಡುತ್ತಿದ್ದೆ. ನೂರು ಏರಿದ ದಿನ ಊಟ ರುಚಿಸುತ್ತಿರಲಿಲ್ಲ. ಹತ್ತು ಇಳಿದರೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಆ ಶನಿವಾರ ಅವಳು ಯೂನಿಫಾರ್ಮ್ ಪ್ಯಾಂಟೊಂದರ ಸೊಂಟ ಬಿಡಿಸಿ ಅಗಲ ಮಾಡುವ ವಿಡಿಯೊ ಮಾಡಿದ್ದಳು. ಪ್ಯಾಂಟು ಕಣ್ಣಿನ ಆಸ್ಪತ್ರೆಯ ಕೌಂಟರಿನಲ್ಲಿ ಕೂರುವ ಹುಡುಗಿಯದ್ದು. ಅಳತೆ ತೆಗೆದವಳು ನಾನು. ಟೇಪು ಸುತ್ತುವಾಗ ಅವಳು ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ್ದಳು: "ಮೂರು ತಿಂಗಳು, ಅಕ್ಕ. ಆಸ್ಪತ್ರೇಲಿ ಯಾರಿಗೂ ಹೇಳಿಲ್ಲ. ಶುಕ್ರವಾರ ಮುಂದಿನ ವರ್ಷದ ಕೆಲಸದ ಕಾಗದಕ್ಕೆ ಸಹಿ ಆಗ್ಬೇಕು. ಆಮೇಲೆ ಹೇಳ್ತೀನಿ."

ನಾನು ಚೀಟಿ ಬರೆದರೆ ಪೂರ್ತಿ ಬರೆಯುತ್ತೇನೆ. ನಾಳೆ ನಾನಿಲ್ಲದಿದ್ದರೂ ಬೇರೆಯವರು ಓದಿ ಕೆಲಸ ಮುಗಿಸುವಂತಿರಬೇಕು. ಅವಳ ಹೆಸರು, ಆಸ್ಪತ್ರೆಯ ಹೆಸರು ಬರೆದು, ಕೆಳಗೆ: ಈಗ ಸೊಂಟ ಒಂದೂವರೆ ಇಂಚು ಬಿಡಿಸುವುದು. ಎರಡು ತಿಂಗಳ ನಂತರ ಮುಂಭಾಗಕ್ಕೆ ಎಲಾಸ್ಟಿಕ್. ಹೆರಿಗೆಯ ನಂತರ ಹಳೆಯ ಅಳತೆ. ಇಷ್ಟನ್ನೂ ಬರೆದು ಪ್ಯಾಂಟಿಗೆ ಪಿನ್ನು ಚುಚ್ಚಿದ್ದೆ.

"ನೋಡಿ ಅಕ್ಕ," ಎಂದು ಓರಗಿತ್ತಿ ಫೋನು ಹಿಡಿದಳು. ಒಂದು ನಿಮಿಷದ ವಿಡಿಯೊ. ಅರ್ಧ ದಾಟಿದ ಮೇಲೆ ಅವಳು ಪ್ಯಾಂಟನ್ನು ಒದರಿ ತಿರುಗಿಸುತ್ತಾಳೆ. ಆಗ ಚೀಟಿ ನಮ್ಮತ್ತ ಹೊರಳುತ್ತದೆ. ಎರಡು ಸೆಕೆಂಡು. ನನ್ನ ದುಂಡು ಅಕ್ಷರ ಸ್ಪಷ್ಟವಾಗಿ ಕಂಡಿತು.

ಇದನ್ನು ತೆಗೆಸಬೇಕು ಎನ್ನಿಸಿತು, ನಿಜ. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಯಾರಾದರೂ ನಿಲ್ಲಿಸಿ ಓದುತ್ತಾರೆ. ಇವಳಿಗೆ ಜವಾಬ್ದಾರಿ ಇಲ್ಲ ಎನ್ನುತ್ತಾರೆ. ಒಂದು ಸಲವಾದರೂ ಇವಳ ತಪ್ಪಿಗೆ ಜನ ನಗದೆ ಇರಲಿ.

"ಏನಾದ್ರೂ ತೆಗೀಬೇಕಾ ಅಕ್ಕ?"

"ಹಾಕು," ಎಂದೆ. "ಸರಿಯಾಗಿದೆ."

ಸೋಮವಾರ ಅಂಗಡಿಯ ಬಾಗಿಲು ತೆಗೆಯುವಾಗಲೇ ಆಸ್ಪತ್ರೆಯ ಹುಡುಗಿ ಮೆಟ್ಟಿಲ ಮೇಲೆ ಕೂತಿದ್ದಳು. ಮುಖದಲ್ಲಿ ಅತ್ತ ಗುರುತಿರಲಿಲ್ಲ. ನನಗೆ ಅದು ಇನ್ನೂ ಕಷ್ಟವಾಗಿತ್ತು.

"ನಮ್ಮ ಸೂಪರ್‌ವೈಸರ್ ನಿಮ್ಮ ವಿಡಿಯೊ ಒಂದೂ ಬಿಡಲ್ಲ," ಎಂದಳು ಓರಗಿತ್ತಿಗೆ. "ನಿನ್ನೆ ಡ್ಯೂಟಿ ಮುಗಿಯೋ ಹೊತ್ತಿಗೆ ಕರೆದು ಕೇಳಿದ್ರು. ಎಲಾಸ್ಟಿಕ್ ಯಾವಾಗ ಹಾಕಿಸ್ತೀಯಮ್ಮ, ಅಂತ."

ಓರಗಿತ್ತಿಗೆ ಮೊದಲು ಅರ್ಥವಾಗಲಿಲ್ಲ. ಫೋನು ತೆಗೆದು ನೋಡಿದಳು. ನಿಲ್ಲಿಸಿದಳು. ಬಾಯಿಯ ಮೇಲೆ ಕೈ ಇಟ್ಟುಕೊಂಡು ಆ ವಿಡಿಯೊವನ್ನು ಅಲ್ಲೇ ಅಳಿಸಿದಳು.

"ನಂಗೆ ಕಾಣ್ಲೇ ಇಲ್ಲ. ದೇವರಾಣೆ ಕಾಣ್ಲಿಲ್ಲ ಕಣಮ್ಮ."

"ನಿಮ್ಮಕ್ಕ ನೋಡ್ದೆ ಏನೂ ಹೊರಗೆ ಹೋಗಲ್ಲ ಅಂತೀರಲ್ಲ," ಎಂದು ಹುಡುಗಿ ನನ್ನತ್ತ ತಿರುಗಿದಳು.

"ಕಣ್ತಪ್ಪಿ ಹೋಯ್ತು," ಎಂದೆ. ಇಷ್ಟು ಸರಾಗವಾಗಿ ಸುಳ್ಳು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಅವಳು ಪ್ಯಾಂಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಸೊಂಟದ ಹೊಲಿಗೆ ಬಿಚ್ಚಿತ್ತು, ಮತ್ತೆ ಹೊಲಿದಿರಲಿಲ್ಲ.

ಓರಗಿತ್ತಿ ಮಿಷನ್ನಿನ ಮುಂದೆ ಕೂತು ಒಂದೇ ಸಮನೆ ಅತ್ತಳು. ಮೂಗು ಒರೆಸಿಕೊಂಡು ಹೇಳಿದಳು: "ಪೇಜು ಮುಚ್ಚಿಬಿಡ್ತೀನಿ ಅಕ್ಕ. ನನ್ನಂಥೋಳಿಗೆ ಇದೆಲ್ಲ ಅಲ್ಲ. ನೀವು ಮಾಡೋ ಥರ ಮಾಡೋಕೆ ಬರ್ಬೇಕು, ಇಲ್ಲಾಂದ್ರೆ ಸುಮ್ನಿರ್ಬೇಕು."

ಒಂದು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. ಅವಳ ಬೆರಳು ಫೋನಿನ ಮೇಲೆ ಓಡಾಡುತ್ತಿತ್ತು. ನಾನು ಏನೂ ಮಾಡಬೇಕಿರಲಿಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಮುಚ್ಚಿಕೊಂಡೇ ಇದ್ದೆ. ಒಂದು ಅಂಚು ಪೂರ್ತಿ ಮಡಚಿ ಹೊಲಿದೆ. ತೆಗೆದು ನೋಡಿದರೆ ಸೊಟ್ಟಗಾಗಿತ್ತು.

"ನಾನು ನೋಡಿದ್ದೆ," ಎಂದೆ.

"ಏನನ್ನ?"

"ಚೀಟಿನ. ನೀನು ತೋರಿಸಿದಾಗಲೇ ನೋಡಿದ್ದೆ."

ಅವಳು ಕಣ್ಣೊರೆಸುವುದನ್ನು ನಿಲ್ಲಿಸಿದಳು. ನಾನು ಬೈಗುಳಕ್ಕೆ ತಯಾರಾಗಿದ್ದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಬಹುದಿತ್ತು.

"ಹಾಗಾದ್ರೆ ನಾನ್ಯಾಕೆ ಮುಚ್ಚಲಿ?" ಎಂದಳು, ನಿಧಾನವಾಗಿ, ಲೆಕ್ಕ ಬಿಡಿಸಿದವರ ಹಾಗೆ.

ನಾನು ಸೊಟ್ಟಗಾದ ಹೊಲಿಗೆಯನ್ನು ಬಿಚ್ಚತೊಡಗಿದೆ.

"ಆ ಹುಡುಗಿ ಹತ್ರ ನೀವೇ ಹೋಗಿ ಹೇಳಿ. ನಾನು ಜೊತೆಗೆ ಬರಲ್ಲ. ಮತ್ತೆ, ಅತ್ತೆ ಮುಂದೆ ನಾನೇನೂ ಬಾಯಿಬಿಡಲ್ಲ. ನಿಮಗೋಸ್ಕರ ಅಲ್ಲ, ಹೇಳೋಕೆ ನನಗೇ ನಾಚಿಕೆ."

ಶುಕ್ರವಾರ ಕಳೆಯುವವರೆಗೂ ನಾನು ಹೋಗಲಿಲ್ಲ. ಹೆದರಿಕೆ. ಶನಿವಾರ ಮಧ್ಯಾಹ್ನ ಆ ಹುಡುಗಿಯ ಮನೆಗೆ ಹೋದೆ. ಮೂರನೇ ಮಹಡಿ, ಕಿರಿದಾದ ಮೆಟ್ಟಿಲು. ಅವಳು ಬಾಗಿಲನ್ನು ಅರ್ಧ ತೆಗೆದು ನಿಂತಳು.

"ಸಹಿ ಆಯ್ತಾ?"

"ಮೂರು ತಿಂಗಳಿಗೆ ಮಾತ್ರ. ಆಮೇಲೆ ನೋಡೋಣ ಅಂದ್ರು." ದನಿಯಲ್ಲಿ ಏರಿಳಿತವಿರಲಿಲ್ಲ. "ಪ್ಯಾಂಟು ನಾನೇ ಹೊಲ್ಕೊಂಡೆ. ಅದಕ್ಕೆ ಬಂದ್ರಾ?"

"ಅಲ್ಲ. ಅವತ್ತು ಸುಳ್ಳು ಹೇಳಿದೆ. ಚೀಟಿ ಕಾಣೋದು ನಂಗೆ ಗೊತ್ತಿತ್ತು. ಗೊತ್ತಿದ್ದೇ ಹಾಕು ಅಂದೆ."

ಅವಳು ನನ್ನ ಮುಖವನ್ನೇ ನೋಡಿದಳು.

"ನಾನು ನಿಮಗೇನು ಮಾಡಿದ್ದೆ ಅಕ್ಕ?"

"ನೀವೇನೂ ಮಾಡಿರ್ಲಿಲ್ಲ. ನನ್ನ ಓರಗಿತ್ತಿ ಮೇಲೆ... ಅವಳನ್ನ ಅಷ್ಟೊಂದು ಜನ ನೋಡ್ತಾರೆ ಅಂತ. ಆ ಗಳಿಗೇಲಿ ನೀವು ನನ್ನ ಮನಸ್ಸಿಗೇ ಬರ್ಲಿಲ್ಲ."

"ನನ್ನ ಮೇಲೆ ಸಿಟ್ಟಿತ್ತು ಅಂದಿದ್ರೂ ಪರವಾಗಿರ್ಲಿಲ್ಲ," ಎಂದಳು ಅವಳು. ಬಾಗಿಲು ಮೆಲ್ಲಗೆ ಮುಚ್ಚಿತು, ಒಳಗೆ ಚಿಲಕ ಬಿತ್ತು.

ಎರಡನೇ ಮಹಡಿಯ ತಿರುವಿನಲ್ಲಿ ನಿಂತು ಫೋನು ನೋಡಿದೆ. ಓರಗಿತ್ತಿ ಹೊಸ ವಿಡಿಯೊ ಹಾಕಿದ್ದಳು, ಮೊದಲ ಸಲ ನನಗೆ ತೋರಿಸದೆ. ಒಂದು ಕೋಟಿನ ಒಳಪದರದ ಬಟ್ಟೆ ಬದಲಿಸಿದ್ದಳು. ಹುಡುಕಿ ಹುಡುಕಿ ನೋಡಿದೆ. ಎಲ್ಲೂ ಚೀಟಿ ಇರಲಿಲ್ಲ, ಹೆಸರಿರಲಿಲ್ಲ. ಹೊಲಿಗೆಯೂ ನೆಟ್ಟಗಿತ್ತು. ಸಂಕಟವಾಯಿತು. ಆ ಹುಡುಗಿಗಾಗಿ ಎಂದು ಹೇಳಿಕೊಳ್ಳಲು ನೋಡಿದೆ, ಆಗಲಿಲ್ಲ.