ಹುಳುಮನೆಯಲ್ಲಿ ಭಾವನಾಮ

ಬಿದಿರಿನ ಅಗಲವಾದ ತಟ್ಟೆಗಳು ಒಂದರ ಮೇಲೊಂದು ಏಳು ಅಂತಸ್ತಾಗಿ ಕೂತಿವೆ. ಅವನ್ನು ಹೊತ್ತ ಮರದ ಕಾಲುಗಳ ಬುಡಕ್ಕೆ, ಇರುವೆ ಹತ್ತದಂತೆ, ನೀರು ತುಂಬಿದ ಮಣ್ಣಿನ ಬಟ್ಟಲುಗಳು. ಕಿಟಕಿಯ ಪರದೆಯಲ್ಲಿ ಸೋಸಿ ಬಂದ ಬೆಳಕು ನಡುವಿನ ತಟ್ಟೆಯ ಮೇಲಷ್ಟೇ ಬಿದ್ದಿದೆ. ಅಲ್ಲಿ ಕಡುಹಸಿರು ಹಿಪ್ಪುನೇರಳೆ ಸೊಪ್ಪು, ಅದರ ಮೇಲೆ ಕಿರುಬೆರಳಿನಷ್ಟು ದಪ್ಪದ ರೇಷ್ಮೆಹುಳುಗಳು. ಸುಣ್ಣದ ಗೋಡೆಯ ಮೊಳೆಯಲ್ಲಿ ಹತ್ತನೆಯ ತರಗತಿಯ ಕನ್ನಡ ಪುಸ್ತಕ, ದಾರ ಕಟ್ಟಿ ನೇತುಹಾಕಿದ್ದು. ಏನೊಂದೂ ಅಲುಗಿದಂತೆ ಕಾಣದು.

ಕೂಟಗಲ್ಲಿನ ಆ ಹುಳುಮನೆಯ ಹೊಸ್ತಿಲಲ್ಲಿ ನಿಂತ ನಿವೃತ್ತ ಮೇಷ್ಟ್ರು ಬೋರಲಿಂಗಯ್ಯನವರಿಗೆ ಮೊದಲು ತಾಕಿದ್ದು ಅಲ್ಲಿನ ನಿಶ್ಶಬ್ದ.

ನಾಲ್ಕು ದಿನಗಳ ಹಿಂದೆ ಇಲ್ಲಿಯೇ ಅವರು ತಮ್ಮ ಶಿಷ್ಯೆಯೆದುರು ಸೋತಿದ್ದರು. ಧನಲಕ್ಷ್ಮಿಗೆ ಮೂವತ್ತಮೂರು ವರ್ಷ. ಹತ್ತನೆಯದರಲ್ಲಿ ಪಾಸಾಗದೆ ಉಳಿದದ್ದು ಕನ್ನಡವೊಂದೇ. ಬಿಡದಿಯ ಆಚೆ ಏಳುತ್ತಿದ್ದ ಹೊಸ ಕಾರ್ಖಾನೆಯವರು, ಎರಡು ಸಾವಿರದ ಆರರ ಈ ಜೂನ್ ಪರೀಕ್ಷೆಯಲ್ಲಿ ಪಾಸಾದರೆ ಉಗ್ರಾಣದಲ್ಲಿ ಕೆಲಸ ಕೊಡುವುದಾಗಿ ಹೇಳಿದ್ದರು. ಹಾಗಾಗಿ ಸೊಪ್ಪು ಹಾಕುವುದರ ನಡುವೆಯೇ ಪಾಠ. ಮುಟ್ಟಲು ಸಿಗುವುದರ ಹೆಸರು ವಸ್ತುವಾಚಕ, ಕೈಗೆ ಸಿಗದೆ ಮನಸ್ಸಿಗೆ ಮಾತ್ರ ತಿಳಿಯುವುದು ಭಾವನಾಮ, ನೋವು, ತಾಳ್ಮೆ, ಹಸಿವು ಎಂದು ಮೇಷ್ಟ್ರು ಜೀವಮಾನವಿಡೀ ಹೇಳಿಕೊಂಡು ಬಂದದ್ದನ್ನೇ ಹೇಳಿದ್ದರು. ಆಕೆ ಒಪ್ಪಲಿಲ್ಲ. ಹುಳುಗಳು ಚರ್ಮ ಕಳಚುವುದಕ್ಕೆ ಆ ಕಡೆ ಜ್ವರವೆನ್ನುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಸೊಪ್ಪು ಕತ್ತರಿಸುವ ಸದ್ದು ತಗಡಿನ ಮೇಲೆ ತುಂತುರು ಬಿದ್ದಂತೆ ಮನೆಯನ್ನೆಲ್ಲ ತುಂಬಿತ್ತು.

"ಒಸಿ ಕಿವಿ ಕೊಡಿ ಸಾ," ಎಂದಿದ್ದಳು. "ಹಸಿವು ಕೇಳಿಸ್ತಾ ಐತೆ. ಮನಸ್ಸಿಗೆ ಮಾತ್ರ ಅಂತ ಹೆಂಗಂತೀರಾ?"

ಮೂಲೆಯಲ್ಲಿದ್ದ ಅತ್ತೆ ದೊಡ್ಡಲಕ್ಷ್ಮಮ್ಮ ನಕ್ಕಿದ್ದಳು. ಮೇಷ್ಟ್ರು ಪುಟ ತಿರುವಿ ತಿರುವಿ, ಉತ್ತರ ಸಿಗದೆ, ನಾಳೆ ಹೇಳುತ್ತೇನೆಂದು ಎದ್ದು ಹೋಗಿದ್ದರು. ಆ ನಾಳೆ ಇನ್ನೂ ಬಂದಿರಲಿಲ್ಲ.

ಇವತ್ತು ಪರೀಕ್ಷೆ. ಒಂಬತ್ತರ ಬಸ್ಸಿನಲ್ಲಿ ರಾಮನಗರದ ಪರೀಕ್ಷಾ ಕೇಂದ್ರದವರೆಗೆ ಜೊತೆಗೆ ಹೋಗೋಣವೆಂದೇ ಅವರು ಬಂದದ್ದು. ಧನಲಕ್ಷ್ಮಿಯೋ ಇಸ್ತ್ರಿಯ ಸೀರೆಯುಟ್ಟು, ಹಾಲ್ ಟಿಕೆಟ್ಟನ್ನು ಮಡಿಲಲ್ಲಿಟ್ಟುಕೊಂಡು ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಹುಳುಗಳು ಒಂದು ದಿನ ಮೊದಲೇ ಹಣ್ಣಾಗಿದ್ದವು. ತಿನ್ನುವುದು ಮುಗಿಸಿ ನೂಲು ಬಿಡಲು ಸಿದ್ಧವಾಗಿದ್ದವು. ಹಣ್ಣಾದವನ್ನು ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಮಧ್ಯಾಹ್ನದೊಳಗೆ ಬಿಡದಿದ್ದರೆ ನೂಲೆಲ್ಲ ಸೊಪ್ಪಿನ ಪಾಲು, ತಿಂಗಳ ದುಡಿಮೆ ಮಣ್ಣುಪಾಲು. ಗಂಡ ಮುನಿಕೃಷ್ಣ ಕನಕಪುರದ ಕಲ್ಲುಗಣಿಯಿಂದ ಬರುವುದು ಸಂಜೆಗೆ. ಅತ್ತೆಯ ಕಣ್ಣಿಗೆ ಪೊರೆ. ಹಣ್ಣು ಯಾವುದು, ಕಾಯಿ ಯಾವುದೆಂದು ಅವಳಿಗೆ ಕಾಣದು.

ಪರೀಕ್ಷೆ ಮುಂದಿನ ಸಲ ಬರೆದರಾಯಿತೆಂದು ಯಾರೂ ಅನ್ನಲಿಲ್ಲ. ಕಾರ್ಖಾನೆ ಮುಂದಿನ ಸಲದವರೆಗೆ ಕಾಯುವುದಿಲ್ಲವೆಂಬುದು ಮೂವರಿಗೂ ಗೊತ್ತಿತ್ತು.

"ಬೆಳಿಗ್ಗೆ ಬಂದು ನೋಡ್ತೀನಿ, ಸದ್ದು ನಿಂತೋಗೈತೆ," ಎಂದಳು ಧನಲಕ್ಷ್ಮಿ, ತಟ್ಟೆಯಿಂದ ಕಣ್ಣು ತೆಗೆಯದೆ. "ಹುಳ ಇಲ್ಲೇ ಅವೆ. ಸೊಪ್ಪು ಇಲ್ಲೇ ಐತೆ. ಹಸಿವು ಮಾತ್ರ ಇಲ್ಲ. ಅವತ್ತು ನಾನು ಕೇಳಿಸ್ಕೊಂಡಿದ್ದು ಬಾಯಿ ಸದ್ದು ಸಾ. ಹಸಿವೇ ಬೇರೆ."

ಮೇಷ್ಟ್ರು ನಾಲ್ಕು ದಿನ ಹುಡುಕಿದ ಉತ್ತರ ಅದು. ಅದನ್ನು ಬರೆಯಬೇಕಾದ ಹಾಳೆ ರಾಮನಗರದಲ್ಲಿತ್ತು. ಮೆಚ್ಚುಗೆ, ಸಮಾಧಾನ, ಧೈರ್ಯ, ಹೇಳಲು ಅವರ ಬಳಿ ಪದಗಳು ಬೇಕಾದಷ್ಟಿದ್ದವು. ಅವೆಲ್ಲ ಹಾಗಿರಲೆಂದು ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಕಾಲು ತೊಳೆದು, ಅಂಗಿಯ ತೋಳು ಮಡಚಿ ಒಳಗೆ ಬಂದರು. ಹುಳುವೆಂದರೆ ಮೈ ಜುಮ್ಮೆನ್ನುವ ಮನುಷ್ಯ. ಇಷ್ಟು ದಿನವೂ ಹೊಸ್ತಿಲಾಚೆಯೇ ಕೂತು ಪಾಠ ಹೇಳಿದವರು.

"ಹಣ್ಣಾದದ್ದು ಯಾವುದು, ತೋರಿಸಮ್ಮ," ಎಂದರು.

ಆಕೆ ಗಾಬರಿಯಾಗಿ ಬೇಡವೇ ಬೇಡವೆಂದಳು. ದೊಡ್ಡಲಕ್ಷ್ಮಮ್ಮ ಬಿಡಲಿಲ್ಲ.

"ತೋರ್ಸೇ. ಕಾಗುಣಿತದ ತಪ್ಪು ಹೆಕ್ಕಿದ ಕಣ್ಣು, ಹುಳ ಹೆಕ್ಕಾಕಾಗಕಿಲ್ವಾ? ಬನ್ನಿ ಮೇಷ್ಟ್ರೇ, ಅವೇನ್ ಕಚ್ಚಾಕಿಲ್ಲ. ತಪ್ಪು ಹೆಕ್ಕಿದ್ರೆ ಬೆತ್ತ ನನ್ ಕೈಲೈತೆ."

ಧನಲಕ್ಷ್ಮಿ ಒಂದು ಹುಳುವನ್ನೆತ್ತಿ ಬೆಳಕಿಗೆ ಹಿಡಿದಳು. ಅದರ ಕೊರಳು ಜೇನಿನ ಬಣ್ಣಕ್ಕೆ ತಿರುಗಿ, ಆಚೆಯ ಬೆಳಕು ಈಚೆಗೆ ಕಾಣುತ್ತಿತ್ತು. ಅವರ ಅಂಗೈ ಮೇಲೆ ಬಿಟ್ಟಳು. ತಣ್ಣಗೆ, ಮೆತ್ತಗೆ ಇತ್ತು. ತಲೆಯೆತ್ತಿ ಏನನ್ನೋ ಅರಸಿತು. ಮೇಷ್ಟ್ರು ಒಮ್ಮೆ ಕಣ್ಣು ಮುಚ್ಚಿ ತೆರೆದರು, ಅದನ್ನು ಚಂದ್ರಿಕೆಯ ಸುತ್ತಿನಲ್ಲಿ ಇಳಿಸಿದರು. ಎರಡನೆಯದನ್ನು ತಾವೇ ಆರಿಸಿದರು.

"ಅದಿನ್ನೂ ಕಾಯಿ ಸಾ."

ಮೂರನೆಯದು ಸರಿಯಾಗಿಯೇ ಹಣ್ಣಾಗಿತ್ತು. ನಾಲ್ಕನೆಯದೂ.

ಊರ ಮುಂದೆ ಬಸ್ಸಿನ ಹಾರನ್ನು ಕೇಳಿಸಿತು. ಬಾಗಿಲು ತೆರೆದೇ ಇದೆ, ಹುಳು ಕೊಲ್ಲುವ ಊಜಿ ನೊಣ ಒಳಗೆ ಬಂದುಬಿಡುತ್ತದೆ, ಹೋಗುವವಳು ಬೇಗ ಹೋಗೆಂದು ಅತ್ತೆ ಗದರಿದಳು. ಧನಲಕ್ಷ್ಮಿ ಎದ್ದಳು. ಮೇಷ್ಟ್ರು ಐದನೆಯ ಹುಳುವನ್ನು ಬೆಳಕಿಗೆ ಹಿಡಿದಿದ್ದರು, ತಿರುಗಿ ನೋಡಲಿಲ್ಲ. ಅವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತು.