ಭಾನುವಾರದ ಮೋಲ್

ಮದುವೆಯ ಬೆಳ್ಳಿಹಬ್ಬಕ್ಕೆ ಸಂಜೆ ಹೆಂಡತಿಯೊಂದಿಗೆ ಕುಣಿಯಲೆಂದು ಫೋಲ್ಕ್‌ಮಾರ್ ಒಪ್ಪವಾಗಿ ಕತ್ತರಿಸಿಟ್ಟಿದ್ದ ಹುಲ್ಲುಹಾಸಿನ ನಟ್ಟನಡುವೆ, ಭಾನುವಾರ ಬೆಳಿಗ್ಗೆ ನೆಲದಡಿ ಸುರಂಗ ಕೊರೆಯುವ ಮೋಲ್ ಎಂಬ ಇಲಿಯಂಥ ಪ್ರಾಣಿಯೊಂದು ಮಣ್ಣಿನ ಗುಡ್ಡೆ ಎಬ್ಬಿಸಿತ್ತು. ನಮ್ಮ ಜರ್ಮನಿಯಲ್ಲಿ ಈ ಬಿಲದ ಪ್ರಾಣಿಯನ್ನು ಕೊಲ್ಲುವಂತಿಲ್ಲ, ಕಾಟ ಕೊಟ್ಟು ಓಡಿಸಬೇಕಷ್ಟೆ. ಅವನು ತುತ್ತೂರಿಯನ್ನು ಬಿಲಕ್ಕಿಟ್ಟು ಭೋಂ ಎಂದು ಊದಿದ.

“ರೀ, ಇವತ್ತು ಭಾನುವಾರ! ಸದ್ದು ಮಾಡೋ ಹಾಗಿಲ್ಲ!” ಪಕ್ಕದ ಮನೆಯ ಗುಂಡುಲಾ ಬೇಲಿಯಾಚೆಯಿಂದ ಕೂಗಿದಳು.

“ಭಾನುವಾರ ಕೆಲಸ ಮಾಡ್ಬೇಡ ಅಂತ ಮೋಲ್‌ಗೂ ಹೇಳ್ರೀ!”

“ಕಾನೂನು ಅಂದ್ರೆ ಕಾನೂನು ಕಣ್ರೀ.”

ಅಷ್ಟರಲ್ಲಿ ಅವಳ ಗುಲಾಬಿಗಳ ನಡುವೆ ಮಣ್ಣು ಬುಸಕ್ಕನೆ ಉಕ್ಕಿತು.

“ಅಯ್ಯೋ! ಊದ್ರೀ, ಬೇಗ ಊದ್ರೀ!”

“ಭಾನುವಾರ ಅಲ್ವೇನ್ರೀ?”

“ಹಬ್ಬದ ಮನೇಲಿ ಊದಿದ್ರೆ ಅದು ಸದ್ದಲ್ಲ, ಸಂಗೀತ!”

ಸಂಜೆ ದಂಪತಿಗಳ ಹಿಂದೆಯೇ ಕುಣಿತಕ್ಕಿಳಿದ ಗುಂಡುಲಾ, ಗುಡ್ಡೆಯನ್ನು ತುಳಿದು ತುಳಿದು ಮಟ್ಟ ಮಾಡಿಬಿಟ್ಟಳು.